ಮನೆಯ ಕಂಪ್ಯೂಟರಿಗೆ ಯಾವ ಆಂಟಿವೈರಸ್?

(ಬಡಾವಣೆಯೊಂದರ ವಾಚನಾಲಯದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ವಿಷಯದ ಜೊತೆಗೇ ಸೇರಿಸಿಕೊಳ್ಳಲಾಗಿದೆ.)

ಮಾನ್ಯರೇ,

ಮನೆಯ ಕಂಪ್ಯೂಟರಿಗೆ ಯಾವ ಆಂಟಿವೈರಸ್ ಹಾಕಿಸಬೇಕು ಎಂಬ ಪ್ರಶ್ನೆಗೆ ಒಂದು ಹೆಸರನ್ನು ಕೇಳಿಕೊಂಡು ಹೋಗಲು ಬಂದವರು ಈ ಸಭೆಯಲ್ಲಿ ಹಲವರಿರಬಹುದು. ಅವರನ್ನು ಕೊನೆಯವರೆಗೆ ಕಾಯಿಸುವುದು ಸರಿಯಲ್ಲವಾದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅಸಲಿ ವಿಂಡೋಸ್ 11 ಇರುವ, ಅಪ್‌ಡೇಟ್‌ಗಳನ್ನು ತಡೆಹಿಡಿಯದ, ದಿನವೂ ಇಂಟರ್‌ನೆಟ್ ಸಂಪರ್ಕಕ್ಕೆ ಬರುವ ಮನೆಯ ಕಂಪ್ಯೂಟರಿಗೆ ಅದರೊಳಗೇ ಇರುವ ಮೈಕ್ರೋಸಾಫ್ಟ್ ಡಿಫೆಂಡರ್ ಸಾಕು. ಹಣ ಕೊಟ್ಟು ಬೇರೊಂದನ್ನು ಕೊಳ್ಳಲು ಕೆಲವರಿಗೆ ಸಕಾರಣಗಳಿವೆ; ಅವನ್ನು ಮುಂದೆ ವಿವರಿಸುತ್ತೇನೆ. ಆದರೆ ಭದ್ರತೆಗೆಂದು ಎತ್ತಿಟ್ಟ ಹಣ ಮೊದಲು ಹೋಗಬೇಕಾದದ್ದು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ, ಆಂಟಿವೈರಸ್ ಡಬ್ಬಿಗಲ್ಲ. ಇಷ್ಟು ಹೇಳಿ ಕುಳಿತುಬಿಡಬಹುದಿತ್ತು. ಆದರೆ ಕಾರಣ ತಿಳಿಯದೆ ಒಪ್ಪಿಕೊಂಡ ಸಲಹೆ ನಾಳೆ ಕಂಪ್ಯೂಟರ್ ಅಂಗಡಿಯವರ ಒಂದು ಮಾತಿಗೆ ಕರಗಿಹೋಗುತ್ತದೆ. ಆದ್ದರಿಂದ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಹೊಸ ಕಂಪ್ಯೂಟರ್ ಕೊಂಡಾಗ ಜೊತೆಗೊಂದು ಆಂಟಿವೈರಸ್ ಹಾಕಿಸುವ ರೂಢಿ ನಮ್ಮಲ್ಲಿ ಸುಮ್ಮನೆ ಬಂದದ್ದಲ್ಲ. ಐಬಿಎಂ ಮಾದರಿಯ ಪಿಸಿಗಳಲ್ಲಿ ವ್ಯಾಪಕವಾಗಿ ಹರಡಿದ ಮೊದಲ ವೈರಸ್ ಎನಿಸಿಕೊಂಡ ‘ಬ್ರೇನ್’ 1986ರಲ್ಲಿ ಲಾಹೋರಿನ ಇಬ್ಬರು ಸಹೋದರರ ಅಂಗಡಿಯಿಂದ ಹೊರಟಿತು, ಫ್ಲಾಪಿ ಡಿಸ್ಕಿನ ಬೂಟ್ ಸೆಕ್ಟರಿನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ಮೊದಲು ಓದುವ ಭಾಗದಲ್ಲಿ) ಕುಳಿತು ಊರೂರು ಸುತ್ತಿತು. ಮುಂದಿನ ದಶಕದಲ್ಲಿ ಫ್ಲಾಪಿಗಳು ಕೈಯಿಂದ ಕೈಗೆ ದಾಟುತ್ತಿದ್ದ ಭಾರತದಲ್ಲಿ ಈ ಬಾಧೆಗೆ ಸ್ಥಳೀಯ ಮದ್ದು ಅರೆದವರೂ ಹುಟ್ಟಿಕೊಂಡರು. ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿಯಿಂದ ಬದುಕು ಆರಂಭಿಸಿದ ಕೈಲಾಶ್ ಕಾಟ್ಕರ್ ಮತ್ತು ಪ್ರೋಗ್ರಾಂ ಬರೆಯಬಲ್ಲ ತಮ್ಮ ಸಂಜಯ್ ಕಾಟ್ಕರ್ ಸೇರಿ ಕಟ್ಟಿದ್ದು ಇಂದಿನ ಕ್ವಿಕ್ ಹೀಲ್. ಚೆನ್ನೈಯಲ್ಲಿ ಬೆಳೆದದ್ದು ಕೆ7. ಆಗಿನ ವಿಂಡೋಸಿನೊಳಗೆ ಯಾವ ರಕ್ಷಣೆಯೂ ಇರಲಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಆಂಟಿವೈರಸ್ ಇಲ್ಲದೆ ಕಂಪ್ಯೂಟರನ್ನು ಇಂಟರ್‌ನೆಟ್ಟಿಗೆ ಜೋಡಿಸುವುದು ನಿಜಕ್ಕೂ ಅಪಾಯವಾಗಿತ್ತು. ಮೈಕ್ರೋಸಾಫ್ಟ್ 2009ರಲ್ಲಿ ಸೆಕ್ಯುರಿಟಿ ಎಸೆನ್ಷಿಯಲ್ಸ್ ಎಂಬ ಉಚಿತ ಆಂಟಿವೈರಸ್ಸನ್ನು ಹೊರತಂದು, 2012ರ ವಿಂಡೋಸ್ 8ರಿಂದ ಅದನ್ನೇ ಡಿಫೆಂಡರ್ ಎಂಬ ಹೆಸರಿನಲ್ಲಿ ವಿಂಡೋಸಿನೊಳಗೆ ಸೇರಿಸಿತು. ಅದು ಆರಂಭದ ವರ್ಷಗಳಲ್ಲಿ ದುರ್ಬಲವಾಗಿತ್ತು, ಪರೀಕ್ಷೆಗಳ ಪಟ್ಟಿಯಲ್ಲಿ ತಳದಲ್ಲಿರುತ್ತಿತ್ತು. ಇಂದು ಹಾಗಿಲ್ಲ. ಆದರೆ ನಮ್ಮ ರೂಢಿ ಮಾತ್ರ ಎಕ್ಸ್‌ಪಿ ಕಾಲದಲ್ಲೇ ನಿಂತಿದೆ.

ಆಂಟಿವೈರಸ್ ಒಳಗೆ ನಡೆಯುವ ಕೆಲಸವನ್ನು ಎರಡು ಮಾತಿನಲ್ಲಿ ತಿಳಿದುಕೊಂಡರೆ ಉಳಿದದ್ದು ಸುಲಭ. ಹಳೆಯ ವಿಧಾನವೆಂದರೆ ಪೊಲೀಸ್ ಠಾಣೆಯ ಗೋಡೆಯ ಮೇಲೆ ಗುರುತಿನ ಕಳ್ಳರ ಭಾವಚಿತ್ರಗಳನ್ನು ಅಂಟಿಸಿದಂತೆ, ಗೊತ್ತಿರುವ ಪ್ರತಿಯೊಂದು ಕುತಂತ್ರಾಂಶದ (ವೈರಸ್ಸಿನಂತಹ ಹಾನಿಕಾರಕ ಪ್ರೋಗ್ರಾಮಿನ) ಗುರುತನ್ನೂ ಪಟ್ಟಿಯಲ್ಲಿಟ್ಟುಕೊಂಡು ಕಂಪ್ಯೂಟರಿನ ಕಡತಗಳನ್ನು ಅದರೊಂದಿಗೆ ಹೋಲಿಸುವುದು. ಹೊಸ ಕುತಂತ್ರಾಂಶ ಪಟ್ಟಿಯಲ್ಲಿರುವುದಿಲ್ಲವಾದ್ದರಿಂದ ಇದಕ್ಕೆ ಸಿಗುವುದಿಲ್ಲ. ಆದ್ದರಿಂದ ಇಂದಿನ ಎಲ್ಲ ಒಳ್ಳೆಯ ಆಂಟಿವೈರಸ್ಸುಗಳೂ ನಡವಳಿಕೆಯನ್ನು ಗಮನಿಸುತ್ತವೆ: ಈಗಷ್ಟೇ ಬಂದ ಒಂದು ಪ್ರೋಗ್ರಾಂ ನೂರಾರು ಫೋಟೋಗಳನ್ನು ಒಂದರ ಹಿಂದೊಂದು ತೆರೆದು ತಿದ್ದಿ ಬರೆಯುತ್ತಿದೆಯೆಂದರೆ, ಅದರ ಹೆಸರು ಪಟ್ಟಿಯಲ್ಲಿಲ್ಲದಿದ್ದರೂ ತಡೆಯುತ್ತವೆ. ಅನುಮಾನ ಬಂದ ಕಡತದ ವಿವರವನ್ನು ಕಂಪನಿಯ ಸರ್ವರಿಗೆ ಕಳುಹಿಸಿ, ಜಗತ್ತಿನ ಬೇರೆ ಕಂಪ್ಯೂಟರುಗಳಲ್ಲಿ ಇದು ಕಂಡಿದೆಯೇ ಎಂದು ಕೇಳುತ್ತವೆ. ಈ ಮೂರನೆಯ ವಿಧಾನಕ್ಕೆ ಇಂಟರ್‌ನೆಟ್ ಬೇಕು. ಡಿಫೆಂಡರ್ ಇದರ ಮೇಲೆ ಬಹಳವಾಗಿ ಅವಲಂಬಿಸಿದೆ. ಇಂಟರ್‌ನೆಟ್ ಇಲ್ಲದ ಹೊತ್ತಿನಲ್ಲಿ ಅದರ ಪತ್ತೆಯ ಶಕ್ತಿ ಕೆಲವು ಪ್ರತಿಸ್ಪರ್ಧಿಗಳಿಗಿಂತ ಕಡಿಮೆಯಾಗುವುದನ್ನು ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆಯ ಪರೀಕ್ಷೆಗಳು ತೋರಿಸುತ್ತ ಬಂದಿವೆ. ಈ ಅಂಶವನ್ನು ನೆನಪಿಟ್ಟುಕೊಳ್ಳಿ, ಕೊಳ್ಳುವ ಮಾತು ಬಂದಾಗ ಬೇಕಾಗುತ್ತದೆ.

ಈಗ ಮುಖ್ಯ ವಿಷಯ. ಕುತಂತ್ರಾಂಶ ಮನೆಯ ಕಂಪ್ಯೂಟರಿಗೆ ಬರುವ ದಾರಿಗಳು ಯಾವುವು? ಇದನ್ನು ಬಿಟ್ಟು ತಂತ್ರಾಂಶಗಳನ್ನು ಹೋಲಿಸುವುದು ವ್ಯರ್ಥ.

ನಮ್ಮ ಊರುಗಳಲ್ಲಿ ಅತಿ ಹಳೆಯ ಮತ್ತು ಇನ್ನೂ ಮುಚ್ಚದ ದಾರಿಯೆಂದರೆ ಪೆನ್‌ಡ್ರೈವ್. ಪಹಣಿಯೋ, ಪರೀಕ್ಷೆಯ ಹಾಲ್ ಟಿಕೆಟ್ಟೋ, ಮದುವೆಯ ಆಮಂತ್ರಣವೋ, ಒಂದು ಪ್ರಿಂಟ್ ಬೇಕೆಂದು ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ಯುತ್ತೇವೆ. ಮನೆಗೆ ಬಂದು ಚುಚ್ಚಿದರೆ ನಮ್ಮ ಫೋಲ್ಡರುಗಳ ಜಾಗದಲ್ಲಿ ಸಣ್ಣ ಬಾಣದ ಗುರುತಿರುವ ಶಾರ್ಟ್‌ಕಟ್‌ಗಳು ಕಾಣುತ್ತವೆ. ಇಂತಹದನ್ನು ಜನ ‘ಶಾರ್ಟ್‌ಕಟ್ ವೈರಸ್’ ಎನ್ನುತ್ತಾರೆ. ನಡೆದಿರುವುದಿಷ್ಟೇ: ಅಂಗಡಿಯ ಕಂಪ್ಯೂಟರಿನಲ್ಲಿದ್ದ ಕುತಂತ್ರಾಂಶ ನಿಮ್ಮ ನಿಜವಾದ ಕಡತಗಳನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಇಟ್ಟಿದೆ; ನೀವು ಅದನ್ನು ಒತ್ತಿದಾಗ ಮೊದಲು ಓಡುವುದು ಅದರ ಸ್ಕ್ರಿಪ್ಟ್, ಆಮೇಲೆ ನಿಮಗೆ ಅನುಮಾನ ಬರದಿರಲೆಂದು ನಿಜವಾದ ಫೋಲ್ಡರ್ ತೆರೆಯುತ್ತದೆ. ಗಾಬರಿಯಿಂದ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ ಫೋಟೋಗಳನ್ನು ಕಳೆದುಕೊಂಡವರು ಬಹಳ ಮಂದಿ. ಕಡತಗಳು ಅಲ್ಲಿಯೇ ಇರುತ್ತವೆ. ಯಾವುದನ್ನೂ ಒತ್ತದೆ, ಮೊದಲು ಇಡೀ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಿಸಿ, ಆಮೇಲೆ ಫೋಲ್ಡರ್ ಆಯ್ಕೆಗಳಲ್ಲಿ ಅಡಗಿಸಿದ ಕಡತಗಳನ್ನು ತೋರಿಸುವಂತೆಯೂ ಸಿಸ್ಟಂ ಕಡತಗಳನ್ನು ಮರೆಮಾಡದಂತೆಯೂ ಬದಲಿಸಿದರೆ ಅವು ಮಸುಕಾಗಿ ಕಾಣಿಸಿಕೊಳ್ಳುತ್ತವೆ. ಬೇಕಾದವನ್ನು ನಕಲು ಮಾಡಿಕೊಳ್ಳಬಹುದು. 2008ರ ಕೊನೆಯಲ್ಲಿ ಬಂದ ಕಾನ್‌ಫಿಕರ್ ಇದೇ ಪೆನ್‌ಡ್ರೈವ್ ದಾರಿಯಲ್ಲಿಯೂ, ಚುಚ್ಚಿದ ಕೂಡಲೇ ತಾನಾಗಿ ಓಡುವ ಆಟೋರನ್ ಸೌಲಭ್ಯವನ್ನು ಬಳಸಿ ಹರಡಿತ್ತು. ಆ ಸೌಲಭ್ಯವನ್ನು ಮೈಕ್ರೋಸಾಫ್ಟ್ ಮುಚ್ಚಿದ ಮೇಲೆ ದಾಳಿಕೋರರಿಗೆ ನಮ್ಮ ಬೆರಳಿನ ಒಂದು ಒತ್ತು ಬೇಕಾಯಿತು. ಶಾರ್ಟ್‌ಕಟ್ ಅದನ್ನು ಪಡೆಯುವ ಉಪಾಯ.

ಪ್ರಿಂಟಿಗೆಂದೇ ಒಂದು ಸಣ್ಣ ಪೆನ್‌ಡ್ರೈವ್ ಬೇರೆ ಇಟ್ಟುಕೊಂಡು, ಅದರಲ್ಲಿ ಆ ದಿನ ಬೇಕಾದ ಪಿಡಿಎಫ್ ಬಿಟ್ಟು ಬೇರೇನೂ ಇರದಂತೆ ನೋಡಿಕೊಂಡರೆ ಈ ತೊಂದರೆ ಅರ್ಧ ಮುಗಿಯಿತು. ಕಡತವನ್ನು ಅಂಗಡಿಯವರ ವಾಟ್ಸ್‌ಆ್ಯಪ್‌ಗೆ ಕಳುಹಿಸಿದರಾಗದೇ ಎಂದು ಒಬ್ಬರು ಕೇಳಿದರು. ವೈರಸ್ಸಿನ ದೃಷ್ಟಿಯಿಂದ ಆಗುತ್ತದೆ; ಆದರೆ ನಿಮ್ಮ ಆಧಾರ್ ಪ್ರತಿ ಆ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಉಳಿದುಬಿಡುತ್ತದೆ, ಅದನ್ನು ಯಾವ ಆಂಟಿವೈರಸ್ಸೂ ಅಳಿಸಿಕೊಡುವುದಿಲ್ಲ. ಮುಂದೆ ನಿಂತು ಅಳಿಸಿ ಎಂದು ಹೇಳಬೇಕಾದವರು ನಾವೇ.

ಎರಡನೆಯ ದಾರಿ ಕ್ರ್ಯಾಕ್ ಮಾಡಿದ, ಅಂದರೆ ಹಣ ಕೊಡದೆ ಬಳಸಲೆಂದು ಪರವಾನಗಿಯ ಬೀಗ ಮುರಿದ ತಂತ್ರಾಂಶ. ಇದರ ಬಗ್ಗೆ ಕಾನೂನಿನ ಮಾತನ್ನು ನಾನು ಆಡುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಭದ್ರತೆಯ ದೃಷ್ಟಿಯಿಂದ ಮಾತ್ರ ನೋಡೋಣ. ಹಣ ಕೊಡದೆ ವಿಂಡೋಸನ್ನೋ ಆಫೀಸನ್ನೋ ಆ್ಯಕ್ಟಿವೇಟ್ ಮಾಡುವ ಉಪಕರಣಗಳ ಜೊತೆ ಬರುವ ಮೊದಲ ಸೂಚನೆಯೇ ‘ಆಂಟಿವೈರಸ್ಸನ್ನು ಆಫ್ ಮಾಡಿ’ ಎಂಬುದು. ಅಂದರೆ ಕಾವಲನ್ನು ನಾವೇ ತೆಗೆದು, ಅಪರಿಚಿತರು ಬರೆದ ಪ್ರೋಗ್ರಾಮಿಗೆ ಕಂಪ್ಯೂಟರಿನ ಪೂರ್ಣಾಧಿಕಾರ ಕೊಡುತ್ತೇವೆ. ಮನೆಯ ಬಳಕೆದಾರರನ್ನೇ ಗುರಿಮಾಡಿ, ಫೋಟೋ ಮತ್ತು ದಾಖಲೆಗಳನ್ನು ಬೀಗ ಹಾಕಿ ಹಣ ಕೇಳಿದ ಸ್ಟಾಪ್ ಅಥವಾ ಡಿಜೆವಿಯು ಎಂಬ ರ‍್ಯಾನ್ಸಮ್‌ವೇರ್ ಮುಖ್ಯವಾಗಿ ಹರಡಿದ್ದು ಇಂತಹ ಕ್ರ್ಯಾಕ್‌ಗಳ ಮೂಲಕವೇ. 2019ರ ಅಕ್ಟೋಬರಿನಲ್ಲಿ ಎಮ್ಸಿಸಾಫ್ಟ್ ಎಂಬ ಕಂಪನಿ ಅದರ 148 ಪ್ರಭೇದಗಳಿಗೆ ಬಿಡುಗಡೆಯ ಉಪಕರಣವನ್ನು ಉಚಿತವಾಗಿ ಕೊಟ್ಟಿತು. ಆನಂತರ ಬಂದ ಪ್ರಭೇದಗಳು ದಾರಿ ಬದಲಿಸಿಕೊಂಡದ್ದರಿಂದ ಅವುಗಳಲ್ಲಿ ಸಿಕ್ಕಿಬಿದ್ದ ಅನೇಕರಿಗೆ ಆ ಉಪಕರಣ ಒದಗಲಿಲ್ಲ.

ಅಂಗಡಿಯಲ್ಲಿ ಜೋಡಿಸಿಕೊಂಡ ಕಂಪ್ಯೂಟರ್ ನಿಮ್ಮಲ್ಲಿದ್ದರೆ ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಭಾಗದ ಸೆಟ್ಟಿಂಗ್ಸಿನ ಕೆಳಗಡೆ ಇರುವ ಎಕ್ಸ್‌ಕ್ಲೂಷನ್ಸ್ ಪಟ್ಟಿಯನ್ನು ನೋಡಿ. ಈ ಪಟ್ಟಿಯಲ್ಲಿರುವ ಜಾಗಗಳನ್ನು ಡಿಫೆಂಡರ್ ಮುಟ್ಟುವುದೇ ಇಲ್ಲ. ಕ್ರ್ಯಾಕ್ ಉಳಿಯಬೇಕೆಂದು ಇಡೀ ಸಿ ಡ್ರೈವನ್ನೇ ಅಲ್ಲಿ ಸೇರಿಸಿಟ್ಟಿದ್ದರೆ, ಪರದೆಯ ಮೂಲೆಯಲ್ಲಿ ಹಸಿರು ಗುರುತು ಇದ್ದರೂ ನಿಮ್ಮ ಕಂಪ್ಯೂಟರಿಗೆ ಆಂಟಿವೈರಸ್ ಇಲ್ಲವೆಂದೇ ಅರ್ಥ. ಪತ್ರ ಬರೆಯಲು, ಲೆಕ್ಕ ಇಡಲು ಆಫೀಸ್ ಬೇಕೆಂಬ ಕಾರಣಕ್ಕೆ ಇಷ್ಟೆಲ್ಲ ಅಪಾಯ ತಂದುಕೊಳ್ಳುವ ಅಗತ್ಯವಿಲ್ಲ. ಲಿಬ್ರೆಆಫೀಸ್ ಉಚಿತವಾಗಿ ಸಿಗುತ್ತದೆ, ಯೂನಿಕೋಡ್ ಕನ್ನಡವನ್ನು ಚೆನ್ನಾಗಿಯೇ ನಿಭಾಯಿಸುತ್ತದೆ.

ಮೂರನೆಯ ದಾರಿ ಇತ್ತೀಚಿನದು, ಹಾಗೂ ನನ್ನ ಅಭಿಪ್ರಾಯದಲ್ಲಿ ಈಗ ಅತ್ಯಂತ ಅಪಾಯಕಾರಿ. ಯಾವುದೋ ಜಾಲತಾಣ ತೆರೆದಾಗ ‘ನಾನು ರೋಬೋಟ್ ಅಲ್ಲ’ ಎಂದು ದೃಢಪಡಿಸುವ ಚೌಕ ಕಾಣಿಸುತ್ತದೆ. ಅದನ್ನು ಒತ್ತಿದರೆ ಇನ್ನೊಂದು ಸೂಚನೆ: ವಿಂಡೋಸ್ ಕೀಲಿ ಹಾಗೂ ಆರ್ ಒಟ್ಟಿಗೆ ಒತ್ತಿ, ಆಮೇಲೆ ಕಂಟ್ರೋಲ್ ವಿ ಒತ್ತಿ, ಕೊನೆಗೆ ಎಂಟರ್ ಒತ್ತಿ. ಮೂರೂ ನಿರಪಾಯಕಾರಿಯಾಗಿ ಕಾಣುತ್ತವೆ. ಆದರೆ ಮೊದಲನೆಯದು ಆದೇಶ ಕೊಡುವ ರನ್ ಪೆಟ್ಟಿಗೆಯನ್ನು ತೆರೆಯುತ್ತದೆ. ಎರಡನೆಯದು ಆ ಜಾಲತಾಣ ನಿಮಗೆ ತಿಳಿಯದಂತೆ ನಕಲು ಮಾಡಿಟ್ಟಿದ್ದ ಆದೇಶವನ್ನು ಅಲ್ಲಿ ಅಂಟಿಸುತ್ತದೆ. ಮೂರನೆಯದು ಅದನ್ನು ನಿಮ್ಮ ಕೈಯಿಂದಲೇ ಜಾರಿಗೊಳಿಸುತ್ತದೆ. ಭದ್ರತಾ ತಜ್ಞರು ಇದನ್ನು ಕ್ಲಿಕ್‌ಫಿಕ್ಸ್ ಎನ್ನುತ್ತಾರೆ. ಇಲ್ಲಿ ಡೌನ್‌ಲೋಡ್ ಮಾಡಿದ ಕಡತವೇ ಇಲ್ಲ, ವಿಂಡೋಸಿನದೇ ಆದ ಉಪಕರಣವೊಂದು ಮಾಲೀಕರ ಆದೇಶದಂತೆ ಕೆಲಸ ಮಾಡುತ್ತದೆ. ಆಂಟಿವೈರಸ್ ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಇಲ್ಲ.

ಹೀಗೆ ಬಂದು ಸೇರುವುದು ಹೆಚ್ಚಾಗಿ ಮಾಹಿತಿ ಕದಿಯುವ ಕುತಂತ್ರಾಂಶ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ, ನೀವು ಈಗಾಗಲೇ ಲಾಗಿನ್ ಆಗಿದ್ದೀರಿ ಎಂದು ಜಿಮೇಲಿಗೋ ಫೇಸ್‌ಬುಕ್ಕಿಗೋ ತಿಳಿಸುವ ಕುಕಿಗಳನ್ನೂ ಅದು ಕೆಲವೇ ನಿಮಿಷಗಳಲ್ಲಿ ಎತ್ತಿಕೊಂಡು ಹೋಗುತ್ತದೆ. ಕುಕಿ ಕೈಗೆ ಸಿಕ್ಕವರಿಗೆ ಎಷ್ಟೋ ಬಾರಿ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಈ ಜಾತಿಯ ‘ಲುಮ್ಮಾ’ ಎಂಬುದರ ಜಾಲವನ್ನು 2025ರ ಮೇ ತಿಂಗಳಿನಲ್ಲಿ ಹಲವು ದೇಶಗಳ ತನಿಖಾ ಸಂಸ್ಥೆಗಳ ಜೊತೆ ಸೇರಿ ಕಡಿದ ಮೈಕ್ರೋಸಾಫ್ಟ್, ಅದಕ್ಕೆ ಮುಂಚಿನ ಎರಡೇ ತಿಂಗಳಲ್ಲಿ ಜಗತ್ತಿನಾದ್ಯಂತ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳಲ್ಲಿ ಅದು ಕಂಡುಬಂದಿದೆಯೆಂದು ಪ್ರಕಟಿಸಿತು. ಅವುಗಳಲ್ಲಿ ಎಷ್ಟೋ ಕಂಪ್ಯೂಟರುಗಳಲ್ಲಿ ಆಂಟಿವೈರಸ್ ಇದ್ದೇ ಇರಬೇಕು. ಯಾವ ಜಾಲತಾಣವೂ ನೀವು ಮನುಷ್ಯರೆಂದು ತಿಳಿಯಲು ರನ್ ಪೆಟ್ಟಿಗೆಯನ್ನು ತೆರೆಯಿಸುವುದಿಲ್ಲ ಎಂಬ ಒಂದು ವಾಕ್ಯವನ್ನು ಮನೆಯ ಮಕ್ಕಳಿಗೂ ಹಿರಿಯರಿಗೂ ಹೇಳಿಟ್ಟರೆ, ಅದು ಯಾವ ದುಬಾರಿ ತಂತ್ರಾಂಶಕ್ಕಿಂತಲೂ ಹೆಚ್ಚಿನ ರಕ್ಷಣೆ ಕೊಡುತ್ತದೆ.

ಇಮೇಲಿನ ಲಗತ್ತುಗಳ ವಿಷಯ ಹಳೆಯದಾದ್ದರಿಂದ ಬೇಗ ಮುಗಿಸುತ್ತೇನೆ. 2000ದ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ‘ಐ ಲವ್ ಯೂ’ ತನ್ನನ್ನು ಟಿಎಕ್ಸ್‌ಟಿ ಕಡತವೆಂದು ತೋರಿಸಿಕೊಂಡಿತ್ತು, ಅದು ಪ್ರೋಗ್ರಾಂ ಎಂದು ತಿಳಿಸುವ, ಹೆಸರಿನ ಕೊನೆಯಲ್ಲಿದ್ದ ವಿಬಿಎಸ್ ಎಂಬ ಬಾಲ ಮಾತ್ರ ಕಾಣುತ್ತಿರಲಿಲ್ಲ. ವಿಂಡೋಸ್ ಇಂದಿಗೂ ಕಡತದ ಬಾಲವನ್ನು ತಾನಾಗಿ ಅಡಗಿಸುತ್ತದೆ. ಅದನ್ನು ತೋರಿಸುವಂತೆ ಬದಲಿಸಿಕೊಂಡರೆ, ಪಿಡಿಎಫ್ ವೇಷದ ಇಎಕ್ಸ್‌ಇ ಕಡತ ಮೊದಲ ನೋಟಕ್ಕೇ ಸಿಕ್ಕಿಬೀಳುತ್ತದೆ.

ಇನ್ನು ಆಂಟಿವೈರಸ್ಸಿನ ಬಗ್ಗೆಯೇ ಕೇಳಬೇಕಾದ, ಆದರೆ ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆಗೆ ಬರೋಣ. ಆಂಟಿವೈರಸ್ ಎಂಬುದು ಕಂಪ್ಯೂಟರಿನ ಪ್ರತಿ ಕಡತವನ್ನೂ ತೆರೆಯಬಲ್ಲ, ನೀವು ನೋಡುವ ಪ್ರತಿ ಜಾಲಪುಟದ ವಿಳಾಸವನ್ನೂ ತಿಳಿಯಬಲ್ಲ, ವಿಂಡೋಸಿನ ಒಳತಿರುಳಿನಲ್ಲಿ (ಕರ್ನೆಲ್) ಕುಳಿತು ಕೆಲಸ ಮಾಡುವ ತಂತ್ರಾಂಶ. ಬೇರೆ ಯಾವ ಪ್ರೋಗ್ರಾಮಿಗೂ ನಾವು ಇಷ್ಟು ಅಧಿಕಾರ ಕೊಡುವುದಿಲ್ಲ. ಹಾಗಾಗಿ ಅದು ಎಷ್ಟು ವೈರಸ್ ಹಿಡಿಯುತ್ತದೆ ಎಂಬುದರಷ್ಟೇ ಮುಖ್ಯವಾದದ್ದು, ಅದರ ಹಿಂದಿನ ಕಂಪನಿ ಆ ಅಧಿಕಾರವನ್ನು ಹೇಗೆ ಬಳಸುತ್ತದೆ ಎಂಬುದು. ಅವಾಸ್ಟ್ ಉಚಿತ ಆಂಟಿವೈರಸ್ಸನ್ನು ನಮ್ಮಲ್ಲಿಯೂ ಬಹಳ ಜನ ಬಳಸುತ್ತಿದ್ದರು. ಆ ಕಂಪನಿ ಬಳಕೆದಾರರ ಜಾಲ ಸಂಚಾರದ ವಿವರಗಳನ್ನು ಸಂಗ್ರಹಿಸಿ, ತನ್ನ ಅಂಗಸಂಸ್ಥೆಯಾದ ಜಂಪ್‌ಶಾಟ್ ಮೂಲಕ ಮಾರುತ್ತಿದ್ದುದನ್ನು 2020ರ ಜನವರಿಯಲ್ಲಿ ಪತ್ರಕರ್ತರು ಬಯಲಿಗೆಳೆದರು. ಅದೇ ತಿಂಗಳು ಜಂಪ್‌ಶಾಟ್ ಮುಚ್ಚಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಫೆಬ್ರವರಿಯಲ್ಲಿ 1.65 ಕೋಟಿ ಡಾಲರ್ ತೆರುವಂತೆ ಅವಾಸ್ಟಿಗೆ ಸೂಚಿಸಿ, ಜಾಹೀರಾತಿಗಾಗಿ ಇಂತಹ ಮಾಹಿತಿಯನ್ನು ಮಾರದಂತೆ ನಿರ್ಬಂಧಿಸಿತು. ಜನರನ್ನು ಹಿಂಬಾಲಿಸುವವರಿಂದ ಕಾಪಾಡುತ್ತೇವೆ ಎಂದು ಹೇಳಿಕೊಂಡೇ ಈ ವ್ಯಾಪಾರ ನಡೆದಿತ್ತೆಂಬುದು ಗಮನಿಸಬೇಕಾದ ಸಂಗತಿ. ಇಂದು ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ ಈ ನಾಲ್ಕೂ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯವು. ಅಂಗಡಿಯ ಕಪಾಟಿನಲ್ಲಿ ಕಾಣುವ ಬಣ್ಣ ಬಣ್ಣದ ಡಬ್ಬಿಗಳಷ್ಟು ಆಯ್ಕೆ ನಿಜವಾಗಿ ಇರುವುದಿಲ್ಲ.

ಅಮೆರಿಕದಲ್ಲಿ ಮಕ್ಕಳಿರುವ ಹಿರಿಯರೊಬ್ಬರು ಕ್ಯಾಸ್ಪರ್‌ಸ್ಕಿಯ ಬಗ್ಗೆ ಕೇಳಿದರು. ರಷ್ಯಾ ಮೂಲದ ಈ ಕಂಪನಿಯ ತಂತ್ರಾಂಶ ಪತ್ತೆಯ ಪರೀಕ್ಷೆಗಳಲ್ಲಿ ವರ್ಷಗಳಿಂದ ಮುಂಚೂಣಿಯಲ್ಲಿದೆ. ಆದರೆ ಅಮೆರಿಕದ ವಾಣಿಜ್ಯ ಇಲಾಖೆ ರಾಷ್ಟ್ರೀಯ ಭದ್ರತೆಯ ಕಾರಣ ಕೊಟ್ಟು 2024ರ ಜೂನ್‌ನಲ್ಲಿ ಅದರ ಮಾರಾಟವನ್ನು ನಿಷೇಧಿಸಿತು. ಸೆಪ್ಟೆಂಬರ್ 29ರ ನಂತರ ಅಲ್ಲಿ ಅಪ್‌ಡೇಟ್ ಕೊಡುವಂತೆಯೂ ಇರಲಿಲ್ಲ. ಕಂಪನಿ ಆರೋಪಗಳನ್ನು ಅಲ್ಲಗಳೆದಿದೆ. ಅಲ್ಲಿನ ಅನೇಕ ಗ್ರಾಹಕರ ಕಂಪ್ಯೂಟರುಗಳಲ್ಲಿ ಕ್ಯಾಸ್ಪರ್‌ಸ್ಕಿ ತಾನಾಗಿಯೇ ಅಳಿದು, ಅದರ ಜಾಗದಲ್ಲಿ ಅಲ್ಟ್ರಾಎವಿ ಎಂಬ ಕೇಳರಿಯದ ತಂತ್ರಾಂಶ ಬಂದು ಕುಳಿತಿತ್ತು. ಆಂಟಿವೈರಸ್ಸಿಗೆ ಕೊಟ್ಟ ಅಧಿಕಾರ ಎಷ್ಟು ದೊಡ್ಡದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ದುರುದ್ದೇಶವಿಲ್ಲದೆಯೂ ಹಾನಿಯಾಗಬಹುದು. 2010ರ ಏಪ್ರಿಲ್ 21ರಂದು ಮ್ಯಾಕಫಿ ಆಂಟಿವೈರಸ್ಸಿನ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಕಡತವೊಂದನ್ನೇ ವೈರಸ್ ಎಂದು ತಿಳಿದು ತೆಗೆದುಹಾಕಿ, ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುವಂತೆ ಮಾಡಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ತಪ್ಪು ಅಪ್‌ಡೇಟಿನಿಂದ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತಾಗ, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಅದು ಕಂಪನಿಗಳಿಗೆ ಮಾರುವ ತಂತ್ರಾಂಶವಾದ್ದರಿಂದ ಮನೆಗಳಿಗೆ ತಟ್ಟಲಿಲ್ಲ. ಒಳತಿರುಳಿನಲ್ಲಿ ಕುಳಿತ ಯಾವ ತಂತ್ರಾಂಶಕ್ಕೂ ಈ ಸಾಧ್ಯತೆ ತಪ್ಪಿದ್ದಲ್ಲ, ಒಂದರ ಜಾಗದಲ್ಲಿ ಎರಡನ್ನು ಕೂರಿಸಿದರೆ ಸಾಧ್ಯತೆ ಹೆಚ್ಚುತ್ತದೆ. ಎರಡು ಆಂಟಿವೈರಸ್ ಹಾಕಿದರೆ ಎರಡು ಪಟ್ಟು ರಕ್ಷಣೆಯಲ್ಲವೇ ಎಂಬ ಪ್ರಶ್ನೆಗೆ ಉತ್ತರ ಇದೇ. ಒಂದೇ ಕಡತವನ್ನು ಎರಡೂ ಹಿಡಿದೆಳೆದು ಕಂಪ್ಯೂಟರ್ ತೆವಳುತ್ತದೆ, ರಕ್ಷಣೆ ಹೆಚ್ಚುವುದಿಲ್ಲ. ಬೇರೊಂದು ಆಂಟಿವೈರಸ್ ಬಂದ ಕೂಡಲೇ ಡಿಫೆಂಡರ್ ತಾನಾಗಿ ಹಿಂದೆ ಸರಿಯುವುದೂ ಈ ಕಾರಣಕ್ಕೇ.

ಆಯ್ಕೆಗೆ ಆಧಾರವೇನು? ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್, ಬ್ರಿಟನ್ನಿನ ಎಸ್‌ಇ ಲ್ಯಾಬ್ಸ್ ಇವು ವರ್ಷವಿಡೀ ಪರೀಕ್ಷೆ ನಡೆಸಿ ಫಲಿತಾಂಶವನ್ನು ಯಾರು ಬೇಕಾದರೂ ಓದುವಂತೆ ಪ್ರಕಟಿಸುತ್ತವೆ. ಎವಿ-ಟೆಸ್ಟ್ ರಕ್ಷಣೆಗೆ ಆರು, ವೇಗಕ್ಕೆ ಆರು, ಬಳಕೆಯ ಸುಲಭತೆಗೆ ಆರು ಹೀಗೆ ಒಟ್ಟು 18 ಅಂಕಗಳಿಗೆ ಅಳೆಯುತ್ತದೆ. ಡಿಫೆಂಡರ್ ಕೆಲವು ವರ್ಷಗಳಿಂದ ಪೂರ್ಣ ಅಂಕವನ್ನೋ ಅದಕ್ಕೆ ಹತ್ತಿರದ ಅಂಕವನ್ನೋ ಪಡೆಯುತ್ತ ಬಂದಿದೆ. ಮೊದಲ ಹತ್ತರಲ್ಲಿರುವ ತಂತ್ರಾಂಶಗಳ ನಡುವಿನ ವ್ಯತ್ಯಾಸ ಎಷ್ಟೋ ಬಾರಿ ಶೇಕಡಾ ಒಂದಕ್ಕಿಂತಲೂ ಕಡಿಮೆ, ಅದೂ ಒಂದು ಸುತ್ತಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಆದ್ದರಿಂದ ಒಂದೇ ಸುತ್ತಿನ ಮೊದಲ ಸ್ಥಾನಕ್ಕೆ ಮರುಳಾಗದೆ, ಎರಡು ಮೂರು ವರ್ಷ ಒಂದೇ ಮಟ್ಟ ಕಾಯ್ದುಕೊಂಡಿದೆಯೇ, ಸುಳ್ಳು ಎಚ್ಚರಿಕೆಗಳು ಕಡಿಮೆಯಿವೆಯೇ ಎಂದು ನೋಡಬೇಕು. ಇದಕ್ಕೆ ವಿರುದ್ಧವಾಗಿ ‘ಈ ವರ್ಷದ ಹತ್ತು ಶ್ರೇಷ್ಠ ಆಂಟಿವೈರಸ್’ ಎಂಬ ಬಗೆಯ ಜಾಲಪುಟಗಳು ಬಹುಪಾಲು ನಿಮ್ಮ ಖರೀದಿಯ ಮೇಲೆ ಕಮಿಷನ್ ಪಡೆಯುವಂಥವು. ಎಕ್ಸ್‌ಪ್ರೆಸ್‌ವಿಪಿಎನ್ ಒಡೆಯರಾದ ಕೇಪ್ ಟೆಕ್ನಾಲಜೀಸ್ 2021ರಲ್ಲಿ ವಿಪಿಎನ್ (ಜಾಲ ಸಂಚಾರವನ್ನು ಮರೆಮಾಡುವ ಸೇವೆ) ವಿಮರ್ಶೆಯ ಜಾಲತಾಣಗಳನ್ನು ನಡೆಸುವ ಕಂಪನಿಯನ್ನೇ ಕೊಂಡುಕೊಂಡಿತು ಎಂಬುದು ತಿಳಿದಿದ್ದರೆ ಸಾಕು.

ಹಾಗಾದರೆ ಹಣ ಕೊಟ್ಟು ಕೊಳ್ಳಬೇಕಾದವರು ಯಾರು? ಇಂಟರ್‌ನೆಟ್ ಬಂದು ಹೋಗಿ ಮಾಡುವ ಊರಿನಲ್ಲಿದ್ದು, ಹತ್ತಾರು ಜನರ ಪೆನ್‌ಡ್ರೈವುಗಳನ್ನು ದಿನವೂ ಚುಚ್ಚಿಸಿಕೊಳ್ಳುವ ಶಿಕ್ಷಕರು, ಡಿಟಿಪಿ ಮಾಡುವವರು, ಮನೆಯಲ್ಲಿಯೇ ಸಣ್ಣ ಸೇವಾ ಕೇಂದ್ರ ನಡೆಸುವವರು. ಇಂಟರ್‌ನೆಟ್ ಇಲ್ಲದಾಗಲೂ ಚೆನ್ನಾಗಿ ಪತ್ತೆ ಮಾಡುವ ಆಂಟಿವೈರಸ್ ಅವರಿಗೆ ನಿಜಕ್ಕೂ ಉಪಯುಕ್ತ. ತೊಂದರೆಯಾದಾಗ ತಮ್ಮ ಭಾಷೆಯಲ್ಲಿ ಮಾತನಾಡುವ, ಹತ್ತಿರದ ಪೇಟೆಯಲ್ಲಿರುವ ಮಾರಾಟಗಾರರ ನೆರವು ಬೇಕೆನ್ನುವವರು ಭಾರತೀಯ ಕಂಪನಿಗಳದ್ದನ್ನು ಕೊಂಡರೂ ತಪ್ಪಿಲ್ಲ. ಚಿಕ್ಕ ಮಕ್ಕಳ ಬಳಕೆಗೆ ಮಿತಿ ಹಾಕುವ ಸೌಲಭ್ಯಕ್ಕಾಗಿ ಕೊಳ್ಳುವವರು ಮಾತ್ರ, ಅದೇ ಸೌಲಭ್ಯ ಮೈಕ್ರೋಸಾಫ್ಟ್ ಫ್ಯಾಮಿಲಿಯಲ್ಲಿ ಉಚಿತವಾಗಿದೆಯೆಂಬುದನ್ನು ತಿಳಿದು ಮುಂದುವರಿಯಲಿ. ‘ಟೋಟಲ್’, ‘ಅಲ್ಟಿಮೇಟ್’ ಎಂಬ ಹೆಸರುಗಳಲ್ಲಿ ಬರುವ ದುಬಾರಿ ಕಟ್ಟುಗಳೊಳಗಿನ ವಿಪಿಎನ್, ಕಂಪ್ಯೂಟರಿನ ಕಸ ಗುಡಿಸುವ ಕ್ಲೀನರ್ ಇತ್ಯಾದಿಗಳು ಮನೆಯ ಬಳಕೆಗೆ ಅನಾವಶ್ಯಕವೆಂದೇ ನನ್ನ ಅಭಿಪ್ರಾಯ. 2017ರಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ಕ್ಲೀನರಿನ ಅಧಿಕೃತ ಡೌನ್‌ಲೋಡಿನೊಳಗೇ ದಾಳಿಕೋರರು ಕುತಂತ್ರಾಂಶ ಸೇರಿಸಿದ್ದು, ಸುಮಾರು 22 ಲಕ್ಷ ಜನ ಅದನ್ನು ಹಾಕಿಕೊಂಡಿದ್ದು ಮರೆಯುವಂತಹದಲ್ಲ.

ಕೊಂಡ ಮೇಲೆ ನವೀಕರಣದ ವಿಷಯ. ಮೊದಲ ವರ್ಷ ಭಾರೀ ರಿಯಾಯಿತಿ ಕೊಟ್ಟು ಎರಡನೆಯ ವರ್ಷ ಪೂರ್ಣ ಬೆಲೆ ಹಿಡಿಯುವುದು ಈ ವ್ಯಾಪಾರದ ಪದ್ಧತಿ. ಕಾರ್ಡಿನಿಂದ ತಾನಾಗಿ ಹಣ ಹೋಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕ್ 2021ರಿಂದ ನಿಯಮ ಹಾಕಿದೆ: ಹಣ ಕಡಿತಗೊಳ್ಳುವ 24 ಗಂಟೆ ಮೊದಲು ಸೂಚನೆ ಬರಬೇಕು. ಆದರೆ 15,000 ರೂಪಾಯಿವರೆಗಿನ ಕಡಿತಕ್ಕೆ ಪ್ರತಿ ಬಾರಿ ಓಟಿಪಿ ಕೇಳುವುದಿಲ್ಲ, ಯಾವ ಆಂಟಿವೈರಸ್ಸೂ ಆ ಮಿತಿಯನ್ನು ಸಾಮಾನ್ಯವಾಗಿ ಮೀರುವುದಿಲ್ಲ. ಆದ್ದರಿಂದ ಆ ಎಸ್‌ಎಂಎಸ್ಸನ್ನು ಓದುವುದು ನಮ್ಮ ಕೆಲಸ. ಇದಕ್ಕೆ ಹೊಂದಿಕೊಂಡ ಮೋಸವೂ ಇದೆ. ನಿಮ್ಮ ಆಂಟಿವೈರಸ್ ಇಷ್ಟು ಸಾವಿರಕ್ಕೆ ನವೀಕರಣಗೊಂಡಿದೆ, ಬೇಡವಾದರೆ ಈ ನಂಬರಿಗೆ ಕರೆ ಮಾಡಿ ಎಂಬ ಇಮೇಲ್, ಅಥವಾ ಪರದೆ ತುಂಬ ಕೆಂಪು ಎಚ್ಚರಿಕೆ ತೋರಿಸಿ ಮೈಕ್ರೋಸಾಫ್ಟ್ ನಂಬರೆಂದು ಹೇಳಿಕೊಳ್ಳುವ ಪುಟ. ಕರೆ ಮಾಡಿದರೆ ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸಿ, ಬ್ಯಾಂಕ್ ಖಾತೆ ತೆರೆಯಿಸುತ್ತಾರೆ. ವಿದೇಶಗಳಲ್ಲಿರುವ ಹಿರಿಯರನ್ನು ಹೀಗೆ ಸುಲಿಯುತ್ತಿದ್ದ ಕಾಲ್ ಸೆಂಟರುಗಳ ಮೇಲೆ ಸಿಬಿಐ 2023ರಲ್ಲಿ ಆಪರೇಷನ್ ಚಕ್ರ-2 ಹೆಸರಿನಲ್ಲಿ ನಮ್ಮ ದೇಶದಲ್ಲೇ ದಾಳಿ ನಡೆಸಿತು. ನಿಜವಾದ ಆಂಟಿವೈರಸ್ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಡಿಫೆಂಡರ್ ಸಾಕೆಂದು ಉಳಿಸಿಕೊಂಡವರು ಮೊದಲು, ಹೊಸ ಲ್ಯಾಪ್‌ಟಾಪಿನ ಜೊತೆ ಬಂದ ಟ್ರಯಲ್ ಆಂಟಿವೈರಸ್ಸನ್ನು ತೆಗೆದುಹಾಕಬೇಕು, ಏಕೆಂದರೆ ಅವಧಿ ಮುಗಿದ ಟ್ರಯಲ್ ಹಲವು ಬಾರಿ ಕೆಲಸವನ್ನೂ ಮಾಡದೆ, ಜಾಗವನ್ನೂ ಬಿಡದೆ ಕುಳಿತಿರುತ್ತದೆ. ಆಮೇಲೆ ಟ್ಯಾಂಪರ್ ಪ್ರೊಟೆಕ್ಷನ್ (ಕುತಂತ್ರಾಂಶ ಡಿಫೆಂಡರನ್ನು ಆಫ್ ಮಾಡದಂತೆ ತಡೆಯುವ ಸೌಲಭ್ಯ) ಆನ್ ಇದೆಯೇ, ಅನಪೇಕ್ಷಿತ ಆ್ಯಪ್‌ಗಳನ್ನು ತಡೆಯುವ ಆಯ್ಕೆ ಆನ್ ಇದೆಯೇ ನೋಡಬೇಕು. ರ‍್ಯಾನ್ಸಮ್‌ವೇರ್ ತಡೆಯಲು ಇರುವ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ತಾನಾಗಿ ಆನ್ ಆಗಿರುವುದಿಲ್ಲ. ಅದನ್ನು ಆನ್ ಮಾಡಿದರೆ, ವಿಂಡೋಸ್ ನಂಬದ ಪ್ರೋಗ್ರಾಂ ಯಾವುದೂ ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಬರೆಯಲಾರದು. ಹಳೆಯ ಕನ್ನಡ ತಂತ್ರಾಂಶಗಳು ಕಡತ ಉಳಿಸಲಾಗದೆ ತಡವರಿಸಿದರೆ ಅವುಗಳನ್ನು ಅನುಮತಿಯ ಪಟ್ಟಿಗೆ ಸೇರಿಸಬೇಕಾಗುತ್ತದೆ. ನುಡಿ, ಬರಹದಂತಹ ತಂತ್ರಾಂಶಗಳು ಕೀಲಿಮಣೆಯ ಪ್ರತಿ ಒತ್ತನ್ನೂ ಹಿಡಿದು ಕನ್ನಡ ಅಕ್ಷರವಾಗಿಸುತ್ತವೆ. ಕೀಲಿ ಕದಿಯುವ ಕುತಂತ್ರಾಂಶವೂ ಅದನ್ನೇ ಮಾಡುವುದರಿಂದ ಆಂಟಿವೈರಸ್ಸುಗಳಿಗೆ ಅನುಮಾನ ಬರಲು ಅವಕಾಶವಿದೆ. ಮೂಲ ತಾಣದಿಂದಲೇ ಇಳಿಸಿಕೊಂಡಿದ್ದರೆ ಅನುಮತಿ ಕೊಡಬಹುದು, ಯಾವುದೋ ಡೌನ್‌ಲೋಡ್ ತಾಣದಿಂದ ತಂದಿದ್ದರೆ ಎಚ್ಚರಿಕೆಯನ್ನು ನಂಬುವುದೇ ಲೇಸು. ಬೆರಳಚ್ಚಿಗಷ್ಟೇ ಬೇಕಾದವರಿಗೆ ವಿಂಡೋಸಿನಲ್ಲಿ 2019ರಿಂದ ಕನ್ನಡದ ಫೊನೆಟಿಕ್ ಕೀಲಿಮಣೆಯೂ ಇದೆ.

ಹಾರ್ಡ್ ಡಿಸ್ಕಿನ ಮಾತನ್ನು ಆರಂಭದಲ್ಲಿ ಹೇಳಿದೆ. ರ‍್ಯಾನ್ಸಮ್‌ವೇರ್ ಒಮ್ಮೆ ಬೀಗ ಹಾಕಿದ ಮೇಲೆ ಆಂಟಿವೈರಸ್ ಅದನ್ನು ಹಿಡಿದು ತೆಗೆಯಬಹುದು, ಫೋಟೋಗಳನ್ನು ಮರಳಿ ಕೊಡಲಾರದು. ತಿಂಗಳಿಗೊಮ್ಮೆ ನಕಲು ತೆಗೆದು, ತೆಗೆದ ಕೂಡಲೇ ತಂತಿ ಕಳಚಿ ಬೀರುವಿನಲ್ಲಿಟ್ಟ ಡಿಸ್ಕ್ ಮಾತ್ರ ಅವನ್ನು ಮರಳಿ ಕೊಡುತ್ತದೆ. ತಂತಿ ಕಳಚದೆ ಬಿಟ್ಟ ಡಿಸ್ಕಿಗೂ ಅದೇ ಬೀಗ ಬೀಳುತ್ತದೆಂಬುದನ್ನು ಮರೆಯಬಾರದು.

ಕೊನೆಯ ಪ್ರಶ್ನೆ ವಿಂಡೋಸ್ 10 ಇರುವ ಹಳೆಯ ಕಂಪ್ಯೂಟರಿನ ಬಗ್ಗೆ ಬಂತು. ಒಳ್ಳೆಯ ಆಂಟಿವೈರಸ್ ಹಾಕಿಸಿದರೆ ಇನ್ನೂ ಕೆಲವು ವರ್ಷ ಓಡಿಸಬಹುದೇ ಎಂದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟುಗಳು ಸಿಗುವ ಏರ್ಪಾಟು ಮಾಡಲಾಗಿದೆ. ಡಿಫೆಂಡರಿನ ವೈರಸ್ ಪಟ್ಟಿ ಮಾತ್ರ 2028ರ ಅಕ್ಟೋಬರಿನವರೆಗೂ ಬರುತ್ತದೆ. ಇಲ್ಲಿಯೇ ತಪ್ಪು ತಿಳಿಯುವ ಸಾಧ್ಯತೆ ಇರುವುದು: ಪಟ್ಟಿ ಹೊಸದಾಗಿದ್ದರೂ ವಿಂಡೋಸಿನೊಳಗೆ ಹೊಸದಾಗಿ ಕಂಡುಬರುವ ಬಿರುಕುಗಳು ಮುಚ್ಚುವುದಿಲ್ಲ. 2017ರ ಮೇ 12ರಂದು ನೂರೈವತ್ತು ದೇಶಗಳಿಗೆ ಹರಡಿದ ವಾನಾಕ್ರೈ ಎಂಬ ಕುತಂತ್ರಾಂಶ ಬಳಸಿದ ಬಿರುಕಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್ 14ರಂದು, ತೇಪೆ ಕೊಟ್ಟಿತ್ತು. ಸಿಕ್ಕಿಬಿದ್ದದ್ದು ಅದನ್ನು ಹಾಕಿಕೊಳ್ಳದ ಕಂಪ್ಯೂಟರುಗಳು, ಯಾರೂ ಏನನ್ನೂ ಒತ್ತದೆಯೇ. ಆದ್ದರಿಂದ ನೋಂದಾಯಿಸಿಕೊಳ್ಳಿ, ಆ ಅವಧಿ ಮುಗಿದ ಮೇಲೆ, ವಿಂಡೋಸ್ 11 ಒಪ್ಪದ ಯಂತ್ರವಾದರೆ ವಿಂಡೋಸಿನ ಬದಲು ಉಚಿತವಾಗಿ ಸಿಗುವ ಲಿನಕ್ಸ್ ವ್ಯವಸ್ಥೆಗಳಾದ ಉಬುಂಟು ಅಥವಾ ಮಿಂಟ್ ಹಾಕಿಸಿಕೊಳ್ಳಿ. ಬ್ರೌಸರ್, ಯೂನಿಕೋಡ್ ಕನ್ನಡ, ಪ್ರಿಂಟರ್ ಇಷ್ಟು ಸಾಕೆನ್ನುವ ಮನೆಗೆ ಅದು ಚೆನ್ನಾಗಿ ನಡೆಯುತ್ತದೆ. ಟ್ಯಾಲಿಯಂತಹ ತಂತ್ರಾಂಶ ಬೇಕೇ ಬೇಕೆನ್ನುವವರು ಮಾತ್ರ ಹಳೆಯ ಯಂತ್ರವನ್ನು ಇಂಟರ್‌ನೆಟ್ಟಿನಿಂದ ಬೇರ್ಪಡಿಸಿ ಲೆಕ್ಕಕ್ಕಷ್ಟೇ ಇಟ್ಟುಕೊಂಡು, ಬ್ಯಾಂಕಿನ ವ್ಯವಹಾರವನ್ನು ಬೇರೆ ಸಾಧನದಲ್ಲಿ ಮಾಡಬೇಕು.